ಎರಡು ಲೈಫ್ ಜಾಕೆಟ್

ಹಿನ್ನೀರಿನಲ್ಲಿ ಸುತ್ತಾಡಲು ಸುತ್ತ ಕಂಬಿ ಇರುವ, ಚಪ್ಪಟೆ ತಳದ ಪಾಂಟೂನ್ ಬೋಟು ಕೊಳ್ಳೋಣ ಎಂದವನು ಗಂಡನೇ. "ನೀನೇ ಆರಿಸು. ಪಾಪು ವಿಷಯದಲ್ಲಿ ನಿನ್ನಷ್ಟು ಹುಷಾರು ಯಾರಿದಾರೆ?" ಎಂದಿದ್ದ. ಆರು ತಿಂಗಳ ಮುನಿಸು ಕರಗಿತೆಂದು ಹೆಂಡತಿ ಹಿಗ್ಗಿದಳು.

ಮೂರು ಬೋಟು ಹತ್ತಿಳಿದಳು. ಕಂಬಿಗಳ ಸಂದಿಯಲ್ಲಿ ಮಗಳ ತಲೆ ತೂರೀತೇ ಎಂದು ಗೇಣು ಹಾಕಿ ಅಳೆದಳು. ಬಾಗಿಲ ಚಿಲಕವನ್ನು ಹತ್ತು ಸಲ ಎಳೆದು ನೋಡಿದಳು. ಕೊನೆಗೆ ನೀಲಿ ಬೋಟನ್ನು ಒಪ್ಪಿದಳು.

"ಲೈಫ್ ಜಾಕೆಟ್ ಎಷ್ಟು ಕೊಡ್ಲಿ ಸಾರ್?" ಅಂಗಡಿಯವನು ಕೇಳಿದ.

"ಎರಡು. ನಂಗೊಂದು, ಪಾಪುಗೊಂದು."

"ನಂಗೆ ಬೇಡ್ವಾ?" ಅವಳು ನಕ್ಕಳು.

ಗಂಡ ಜೇಬಿನಿಂದ ಕಾಗದ ತೆಗೆದು, ಜೊತೆಗೆ ಪೆನ್ನನ್ನೂ ಚಾಚಿದ.

"ಇಲ್ಲೊಂದು ಸೈನ್ ಹಾಕು. ಬೋಟು ಸೇಫಾಗಿದೆ ಅಂತ ತಾಯಿನೇ ಬರ್ಕೊಟ್ರೆ, ಡೈವೋರ್ಸ್ ಆದ್ಮೇಲೆ ಭಾನುವಾರ ಪಾಪೂನ ಕೋರ್ಟಿನೋರು ನನ್ನ ಜೊತೆ ಕಳಿಸ್ತಾರಂತೆ. ಲಾಯರ್ ಹೇಳಿದ್ರು."