ಎರಡು ಸಾವಿರ ವರ್ಷ ಹಳೆಯ ಅಳು

ಪಕ್ಕದ ಮನೆಯ ಮುತ್ತಮ್ಮ ಬಾಗಿಲು ತಳ್ಳಿಕೊಂಡು ನುಗ್ಗಿದವಳೇ ಸಹನಳ ಕೊರಳಿಗೆ ಬಿದ್ದು ಗೋಳೋ ಎಂದಳು. "ಸಣ್ಣಯ್ಯಣ್ಣೋ, ಮಗಳ್ನ ತಬ್ಬಲಿ ಮಾಡ್ಬುಟ್ಟು ಒಂಟೋದ್ಯಲ್ಲಣ್ಣೋ!"

ಸಹನಳ ಕೈಯಿಂದ ಪೆನ್ನು ಜಾರಿತು. ಸಣ್ಣಯ್ಯ ಅವಳ ಅಪ್ಪ. ನಾಗಮಂಗಲದಲ್ಲಿ ಮಗ ಲೋಕೇಶನ ಮನೆಯಲ್ಲಿದ್ದಾನೆ. ಎದೆನೋವೆಂದು ಆಸ್ಪತ್ರೆ ಸೇರಿ ಮೊನ್ನೆಯಷ್ಟೇ ವಾಪಸಾಗಿದ್ದ. ಸುದ್ದಿ ಇಲ್ಲಿ ಬಾಬುರಾಯನಕೊಪ್ಪಲಿನಲ್ಲಿರುವ ಮುತ್ತಮ್ಮನಿಗೆ ಮಗಳಿಗಿಂತ ಮೊದಲು ಹೇಗೆ ಮುಟ್ಟಿತು ಎಂದು ಯೋಚಿಸುವಷ್ಟು ಬುದ್ಧಿ ಅಂಥ ಹೊತ್ತಿನಲ್ಲಿ ಯಾರಿಗಿರುತ್ತದೆ? ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಹೆಂಗಸು ನೆಲಕ್ಕೆ ಕುಸಿದು, ತನ್ನ ಅವ್ವ ಅಳುತ್ತಿದ್ದ ಹಾಗೆಯೇ ರಾಗ ಎಳೆದು ಅತ್ತಳು.

"ಕರಿಘಟ್ಟದ ಮೆಟ್ಲಲ್ಲಿ ಕಾಲು ನೋವು ಅಂದಾಗ ಎಗಲ ಮೇಲೆ ಕೂರಿಸ್ಕಂಡ್ಯಲ್ಲಪ್ಪಾ, ಇನ್ನೂ ಕೆಳಕ್ಕೆ ಇಳ್ಸಿಲ್ವಲ್ಲಪ್ಪಾ!"

ಕೊನೆಗೆ ಇಬ್ಬರಿಗೂ ಉಸಿರು ಬೇಕಾಯಿತು.

"ಯಾವಾಗಂತೆ ಮುತ್ತಕ್ಕಾ?"

ಮುತ್ತಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದಳು. "ನನ್ನೇನ್ ಕೇಳೀಯೇ? ಫೋನ್ ಬಂದದ್ದು ನಿನಗಲ್ವಾ?"

"ನನಗ್ಯಾರೂ ಮಾಡಿಲ್ಲ. ಸುದ್ದಿ ತಂದೋಳು ನೀನಲ್ವಾ?"

"ನಾನ್ಯಾಕ್ ತರ್ಲವ್ವಾ? ಬೆಳಗ್ಗಿಂದ ಗೋಡೆ ಆಚೆ ರಾಗ ಎಳೀತಿದ್ದೋಳು ನೀನು. ಅಣ್ಣಂಗೆ ಉಸಾರಿರ್ಲಿಲ್ವಲ್ಲ, ಅವ್ನೇ ಅಂದ್ಕಂಡೆ."

ಅಳು ಕೇಳಿದರೆ ಕಾರಣ ಕೇಳುತ್ತ ಬಾಗಿಲಲ್ಲಿ ನಿಲ್ಲುವುದು ಆ ಬೀದಿಯ ರೂಢಿಯಲ್ಲ. ಮೊದಲು ಜೊತೆಗೆ ಅಳಬೇಕು, ವಿಚಾರಣೆ ಆಮೇಲೆ. ಆದರೆ ಸಹನ ಬೆಳಗಿನಿಂದ ಅಳುತ್ತಿರಲಿಲ್ಲ, ಅನುವಾದ ಮಾಡುತ್ತಿದ್ದಳು. ಹೆಸರೂ ಉಳಿಯದ ಯಾರೋ ಲ್ಯಾಟಿನ್ ಕವಿಯ ಪದ್ಯ, ಅಪ್ಪನನ್ನು ಕಳೆದುಕೊಂಡ ಮಗಳ ಮಾತು. ಒಂದು ಸಾಲು ಉದ್ದ, ಮುಂದಿನದು ಗಿಡ್ಡ. ಉದ್ದದ್ದನ್ನು ಎಳೆದು, ಗಿಡ್ಡದ್ದರಲ್ಲಿ ಉಸಿರು ಕಟ್ಟಬೇಕು. ಆ ನಡೆ ಇಂಗ್ಲಿಷಿಗೂ ಬರಲೆಂದು ಜೋರಾಗಿ ಹಾಡಿ ಹಾಡಿ ನೋಡುತ್ತಿದ್ದಳು. ಅರ್ಥ ಬಂದಿತ್ತು, ಪ್ರಾಸ ಬಂದಿತ್ತು, ಅಳು ಮಾತ್ರ ಬಂದಿರಲಿಲ್ಲ.

"ಅದು ಎರಡು ಸಾವಿರ ವರ್ಷದ ಹಿಂದೆ ಸತ್ತೋನಿಗೆ ಮುತ್ತಕ್ಕಾ."

"ಥೂ, ಅವ್ನಿಗೆ ಈಗ ಅಳ್ತಾರೇನೇ! ಅಂಗಾದ್ರೆ ಅಣ್ಣ ಬದ್ಕವ್ನೋ ಇಲ್ವೋ?"

ಸಹನಳಿಗೂ ಆಗ ಗೊತ್ತಿರಲಿಲ್ಲ. ಯಾರೂ ಏನೂ ಹೇಳಿಲ್ಲವೆಂದು ತಿಳಿದ ಮೇಲೂ ಎದೆ ಒಪ್ಪಲಿಲ್ಲ. ಒಮ್ಮೆ ಅತ್ತಾದ ಮೇಲೆ ಅಪ್ಪ ಅರ್ಧ ಹೋಗಿಯೇಬಿಟ್ಟಿದ್ದ. ಲೋಕೇಶನ ಮನೆಗೆ ಫೋನ್ ಮಾಡಿದಳು.

ಎತ್ತಿದವನು ಸಣ್ಣಯ್ಯನೇ. ಮಗಳು ಸ್ಪೀಕರ್ ಹಾಕಿದಳು. ಮುತ್ತಮ್ಮ ಫೋನ್ ಕಿತ್ತುಕೊಂಡು, "ತಪ್ಪಾಯ್ತು ಕಣಣ್ಣಾ" ಎಂದು ನಡೆದದ್ದನ್ನೆಲ್ಲ ಒದರಿದಳು. ಬದುಕಿರುವವನಿಗೆ ಅತ್ತ ತಪ್ಪಿಗೆ ಬೈಗುಳ ಬರುವುದೆಂದು ಇಬ್ಬರೂ ಕಾದರು. ಬರಲಿಲ್ಲ.

"ನಂಗೆ ಅತ್ರಾ?" ಎಂದ ಸಣ್ಣಯ್ಯ. "ಏನೇನಂತ ಅತ್ತೆ ಮಗಾ?"

"ಬಿಡಪ್ಪಾ, ಅದ್ಯಾಕೀಗ?" ಎಂದಳು ಸಹನ.

"ಸತ್ಮೇಲೆ ನಂಗೇನ್ ಕೇಳಿಸ್ತದಾ? ಈಗ್ಲೇ ಅದ್ನ ಒಂದ್ಸಲ ಏಳ್ಬುಡು," ಎಂದ ಸಣ್ಣಯ್ಯ. "ತಡಿ, ಟೀವಿ ಆಫ್ ಮಾಡ್ತೀನಿ."