ಒಂದು ಬಾಟ್ಲಿ ಫಿನಾಯಿಲು

ಸಾಹೇಬರು ಶಾಲೆಯ ತಪಾಸಣೆಗೆ ಬರುವ ಹಿಂದಿನ ದಿನ ಹೆಡ್‌ಮಾಸ್ತರು ಕಸ ಗುಡಿಸುವ ಪುಟ್ಟಸಿದ್ದಮ್ಮನನ್ನು ಕರೆದರು.

"ಆಫೀಸು, ಪಡಸಾಲೆ, ನಮ್ಮ ಕಕ್ಕಸು, ಈ ಮೂರೂ ಫಳಫಳ ಅನ್ಬೇಕು. ಹುಡುಗೀರ ಕಕ್ಕಸಿಗೆ ಒಂದು ಚೊಂಬು ನೀರು ಎರಚು, ಸಾಕು."

"ಅಲ್ಲಿ ಹುಳ ಹರೀತಾವೆ ಸಾ. ಮೂಗಿಗೆ ಸೆರಗು ಕಟ್ಕೊಂಡ್ರೂ ವಾಂತಿ ಬತ್ತದೆ. ಹೆಣ್ಮಕ್ಳು ಬೆಳಗ್ಗಿಂದ ಸಂಜೆಗಂಟ ತಡ್ಕೊಂಡು ಕೂತಿರ್ತವೆ. ಮೊನ್ನೆ ಒಬ್ಳು ಕ್ಲಾಸಲ್ಲೇ ಲಂಗ ಒದ್ದೆ ಮಾಡ್ಕೊಂಡು ಅತ್ತಳು."

"ಅದನ್ನ ಯಾರು ಬಂದು ನೋಡ್ತಾರೆ? ಇರೋ ಒಂದು ಬಾಟ್ಲಿ ಫಿನಾಯಿಲನ್ನ ಎಲ್ಲಿಗೆ ಹಾಕ್ಬೇಕು ಅನ್ನೋ ಬುದ್ಧಿ ಬೇಡ್ವಾ ನಿಂಗೆ?"

ಅವಳಿಗೆ ಬುದ್ಧಿ ಇತ್ತು. ಆಫೀಸಿನಲ್ಲಿ ಸುಮ್ಮನೆ ಪೊರಕೆ ಆಡಿಸಿದಳು. ಮಾಸ್ತರ ಕಕ್ಕಸಿಗೆ ಒಂದು ಚೊಂಬು ನೀರು ಎರಚಿದಳು. ಬಾಟ್ಲಿಯನ್ನು ಪೂರಾ ಹುಡುಗಿಯರ ಕಕ್ಕಸಿಗೆ ಸುರಿದು, ಅಂಗೈ ಸುಲಿಯುವಂತೆ ಸಂಜೆಯವರೆಗೆ ತಿಕ್ಕಿದಳು. ವರ್ಷಗಟ್ಟಲೆ ಗಟ್ಟಿ ಕಟ್ಟಿದ್ದ ಹೊಲಸಿನಡಿಯಿಂದ ಬಿಳಿ ಕಲ್ಲು ಎದ್ದು ಬಂತು. ಬೆಳಿಗ್ಗೆ ಹುಡುಗಿಯರು ಬಾಗಿಲಲ್ಲಿ ಗುಂಪುಗಟ್ಟಿ ಇಣುಕಿದರು.

"ನಾವು ಹೋಗ್ಬಹುದಾ ಅಮ್ಮ?"

"ನಿಮಗೇ ಕಣ್ರವ್ವಾ ತೊಳ್ದಿರೋದು. ಸಾಹೇಬ್ರು ನೋಡ್ಕೊಂಡು ಹೋಗ್ಲಿ, ತಡೀರಿ."

ಸಾಹೇಬರು ಮಾಸ್ತರ ಕಕ್ಕಸಿಗೆ ಕಾಲಿಟ್ಟು, ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನೇರ ಹುಡುಗಿಯರದಕ್ಕೆ ಹೋದರು. ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಮುಖ ಅರಳಿತ್ತು.

"ಯಾರಮ್ಮ ತೊಳೆದಿದ್ದು?"

"ನಾನೇ ಸಾ."

"ಭೇಷ್!" ಎಂದು ಹೆಡ್‌ಮಾಸ್ತರ ಕಡೆ ತಿರುಗಿದರು. "ಇಷ್ಟು ಚೆನ್ನಾಗಿರೋದನ್ನ ಮಕ್ಕಳಿಗೆ ಬಿಟ್ಟು ಗಲೀಜು ಮಾಡಿಸ್ಬೇಡಿ ಕಣ್ರೀ. ಇವತ್ತೇ ಒಂದು ಬೀಗ ಹಾಕ್ಸಿ."