ಬೀಗ ಹಾಕಿದ ಮನೆಯಲ್ಲಿ ಟಿವಿ ನೋಡಿದವರು

ಗಂಡ ಹೆಂಡತಿ ಎದುರುಬದುರು ನಿಂತು ಒಗೆದ ಹೊದಿಕೆ ಮಡಚುತ್ತಿದ್ದರು. ಎರಡು ತುದಿ ಅವಳ ಕೈಯಲ್ಲಿ, ಎರಡು ಅವನ ಕೈಯಲ್ಲಿ. ಅವಳ ಬೆನ್ನ ಹಿಂದೆ ಟಿವಿ ಹಾಕಿತ್ತು. ಅವನ ಕೈಯಿಂದ ತುದಿಗಳು ಜಾರಿಬಿದ್ದವು.

"ಏನ್ರೀ ಇದು, ಮತ್ತೆ ಒಗೀಬೇಕಾ?"

"ನಿನ್ನೆ ಮಧ್ಯಾಹ್ನ ಒಂದೂ ಹತ್ತಕ್ಕೆ ಮನೇಲಿ ಯಾರಿದ್ರು?"

ಯಾರೂ ಇರಲಿಲ್ಲ. ಅವನು ತನ್ನ ಬೀಗ ರಿಪೇರಿ ಅಂಗಡಿಯಲ್ಲಿದ್ದ. ಅವಳು ಪಕ್ಕದ ಬೀದಿಯ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಮನೆಯಲ್ಲಿರುವವರು ಅವರಿಬ್ಬರೇ. ಆದರೂ ಪರದೆಯ ಮೇಲೆ 'ಕೊನೆಯದಾಗಿ ನೋಡಿದ್ದು' ಎಂಬ ಸಾಲಿನ ಕೆಳಗೆ ದಿನ, ಗಂಟೆ, ನಿಮಿಷ ಎಲ್ಲ ಸ್ಪಷ್ಟವಾಗಿತ್ತು.

ಕೇಬಲ್ ಇದ್ದಾಗ ಈ ಕಾಟವಿರಲಿಲ್ಲ. ಅದು ತೋರಿಸುತ್ತಿತ್ತು, ಇವರು ನೋಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಚಿತ್ರ ಹೋಗುತ್ತದೆಂದು ಹೆಂಡತಿ ಹಟ ಹಿಡಿದು ಅದನ್ನು ತೆಗೆಸಿದ್ದಳು. ರೇಡಿಯೊ ರಿಪೇರಿ ಮಾಡುವ ಅವಳ ತಮ್ಮ ಅಂಗೈಯಗಲದ ಕಂಪ್ಯೂಟರ್ ಒಂದನ್ನು ಸೋಪಿನ ಡಬ್ಬಿಯೊಳಗೆ ಕೂರಿಸಿ, ಟಿವಿಗೆ ತಂತಿ ಜೋಡಿಸಿ ಹೋಗಿದ್ದ. ಮನೆಯಲ್ಲೇ ತೆಗೆದಿದ್ದ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನೂ ಅದಕ್ಕೆ ತುಂಬಿದ್ದ.

"ಇದರ ಪ್ರೋಗ್ರಾಂ ಯಾರ ಸ್ವತ್ತೂ ಅಲ್ಲ ಭಾವ. ಬರೆದೋರು ಪುಕ್ಕಟೆ ಹಂಚಿದ್ದಾರೆ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು."

"ಯಾರು ಬೇಕಾದ್ರೂ ಬಿಚ್ಚಬಹುದು ಅಂದ್ರೆ, ನನ್ನ ಅಂಗಡಿ ಮುಚ್ಚಿಸೋಕೇ ಹುಟ್ಟಿದೆ ಅನ್ನು," ಎಂದು ಅವನು ಅಂದೇ ಗೊಣಗಿದ್ದ.

ಈಗ ಯಾರೋ ನೋಡಿದ್ದ ಚಿತ್ರ ಇಪ್ಪತ್ತೆರಡು ವರ್ಷ ಹಳೆಯದು. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕೀಲಿಯಿಲ್ಲದೆ ಬೀಗ ತೆಗೆಯುವುದನ್ನು ಅವನು ಪುಟ್ಟ ಮಗಳಿಗೆ ತೋರಿಸುತ್ತಿದ್ದಾನೆ. "ಬೀಗಕ್ಕೆ ಕೋಪ ಬಂದಿದೆ ಪುಟ್ಟಿ. ಇಲ್ಲಿ ಕಚಗುಳಿ ಇಟ್ರೆ ಬಾಯಿ ಬಿಡುತ್ತೆ ನೋಡು." ಬರೀ ನಾಲ್ಕು ನಿಮಿಷ. ಒಂದೇ ಮಧ್ಯಾಹ್ನ ಅದನ್ನು ಒಂಬತ್ತು ಸಲ ನೋಡಲಾಗಿತ್ತು.

ಆ ಮಗಳ ಹೆಸರನ್ನು ಈ ಮನೆಯಲ್ಲಿ ಎತ್ತಿ ಆರು ವರ್ಷವಾಗಿತ್ತು. ಅಂಕಿ ಒತ್ತಿದರೆ ತೆರೆಯುವ, ಕೀಲಿಯೇ ಬೇಡದ ಬೀಗ ಮಾಡುವ ಕಂಪನಿಗೆ ಅವಳು ಕೆಲಸಕ್ಕೆ ಸೇರಿದ ದಿನ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದಿದ್ದ. ಅವಳು ತುಳಿದಿರಲಿಲ್ಲ.

ಅವನಿಗೆ ಹೊಳೆದದ್ದು ಒಂದೇ. ಯಾವನೋ ಕಳ್ಳ ಅವನ ಬೀಗವನ್ನೇ ತೆಗೆದು ಒಳಗೆ ಬಂದು, ಅವನ ಕುರ್ಚಿಯಲ್ಲೇ ಕೂತು, ಅವನಿಂದಲೇ ವಿದ್ಯೆ ಕಲಿಯುತ್ತಿದ್ದಾನೆ!

ಮುಂಬಾಗಿಲಿಗೆ ಹೊಸ ಬೀಗ ಬಂತು. ಹಿಂಬಾಗಿಲಿಗೆ ಎರಡು. ಹೊಸ್ತಿಲ ಒಳಗೆ ಹಿಟ್ಟು ಉದುರಿಸಿ ಹೋದ. ಹೆಜ್ಜೆ ಗುರುತು ಮೂಡಲಿಲ್ಲ. ಬಾಗಿಲ ಸಂದಿಗೆ ದಾರ ಅಂಟಿಸಿದ, ಅದು ಹರಿಯಲಿಲ್ಲ. ರಿಮೋಟನ್ನು ಜೇಬಿಗಿಳಿಸಿ ಅಂಗಡಿಗೇ ಒಯ್ದ. ಆದರೂ ಒಂದೂ ಹತ್ತಕ್ಕೆ ಯಾರೋ ನೋಡಿದ್ದರು.

"ಕದಿಯೋಕೆ ನಮ್ಮನೇಲಿ ಏನಿದೆ, ನಿಮ್ಮ ಗೊರಕೆ ಬಿಟ್ರೆ?" ಎಂದು ಅವಳು ನಕ್ಕಳು. ಅವನು ಪೊಲೀಸರ ಮಾತೆತ್ತಿದಾಗ ಮಾತ್ರ, ಗುಂಡಿ ಹೊಲಿಯುತ್ತಿದ್ದ ಸೂಜಿ ಅವಳ ಬೆರಳಿಗೇ ಚುಚ್ಚಿತು.

ಆಮೇಲೆ ಎರಡು ದಿನ ಯಾರೂ ಏನೂ ನೋಡಲಿಲ್ಲ. ಅವನಿಗೆ ಕಣ್ತುಂಬ ನಿದ್ದೆ ಬಂತು. ಅವಳು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತ ಹಾಗೇ ಎದ್ದುಬಿಡುತ್ತಿದ್ದಳು. ಮೂರನೆಯ ದಿನ ಸಂಜೆ ಟಿವಿ ಹಾಕಿದರೆ ಮತ್ತೆ ಅದೇ ಸಾಲು, ಒಂದೂ ಇಪ್ಪತ್ತು. "ಅಬ್ಬಾ!" ಎಂದು ಅವಳು ಗೋಡೆಗೊರಗಿದಳು. ಪಾಪ, ತನಗಿಂತ ಹೆಚ್ಚು ಹೆದರಿದ್ದಾಳೆ ಎಂದುಕೊಂಡ.

"ಇದನ್ನ ಕಿತ್ತು ಬಿಸಾಕಿ ನಾಳೇನೇ ಕೇಬಲ್‌ನವನನ್ನ ಕರೀತೀನಿ."

ಅವಳು ಮಡಚಿಟ್ಟಿದ್ದ ಹೊದಿಕೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು.

ಕೀಳುವ ಮುಂಚೆ ಕಳ್ಳನ ಮುಖ ನೋಡಬೇಕಿತ್ತು. ಮರುದಿನ ಹನ್ನೆರಡೂವರೆಗೇ ಅಂಗಡಿ ಮುಚ್ಚಿ ಬಂದ. ಬಾಗಿಲುಗಳಿಗೆಲ್ಲ ಒಳಗಿನಿಂದ ಚಿಲಕ ಹಾಕಿ, ಸುತ್ತಿಗೆ ಹಿಡಿದು ಬೀರುವಿನ ಮರೆಗೆ ಕೂತ. ಒಂದು ಗಂಟೆಯಾಯಿತು. ಒಂದೂ ಹತ್ತಾಯಿತು. ನಲ್ಲಿಯ ಹನಿ ಬಿಟ್ಟರೆ ಸದ್ದಿಲ್ಲ. ಒಂದೂ ಕಾಲಿಗೆ ಧೈರ್ಯ ಮಾಡಿ ಟಿವಿ ಹಾಕಿದ.

'ಈಗ ನೋಡಲಾಗುತ್ತಿದೆ.'

ಚಿತ್ರದ ಹೆಸರಿನ ಅಡಿಯಲ್ಲಿ ಹಸಿರು ಗೆರೆಯೊಂದು ತಾನೇ ತಾನಾಗಿ ಉದ್ದವಾಗುತ್ತಿತ್ತು. ತುದಿ ಮುಟ್ಟಿತು. ಮತ್ತೆ ಮೊದಲಿನಿಂದ ಶುರುವಾಯಿತು. ರಿಮೋಟ್ ಅವನ ಕೈಯಲ್ಲೇ ಇತ್ತು. ಖಾಲಿ ಕುರ್ಚಿಯನ್ನು ನೋಡಲೂ ಅವನಿಗೆ ಭಯವಾಯಿತು. ಬಾಮೈದನಿಗೆ ಫೋನ್ ಹಚ್ಚಿ ತೊದಲಿದ.

"ಭಾವ, ನಿಮ್ಮ ದಮ್ಮಯ್ಯ, ಅಕ್ಕನಿಗೆ ಹೇಳ್ತೀನಿ, ಅವಳು ಬರೋವರೆಗೂ ತಂತಿ ಮುಟ್ಟಬೇಡಿ," ಎಂದು ಅವನು ಫೋನಿಟ್ಟುಬಿಟ್ಟ.

ಐದು ನಿಮಿಷಕ್ಕೆ ಯಾರೋ ಬಾಗಿಲು ದಬದಬ ಬಡಿದರು. "ನಾನು ಕಣ್ರೀ, ತೆಗೀರಿ!" ಅವನು ಚಿಲಕ ತೆಗೆದವನೇ ಓಡಿಬಂದು ಡಬ್ಬಿಯ ತಂತಿಗೆ ಕೈ ಹಾಕಿದ. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿದ್ದ ಹಾಗೇ ಅವಳು ಅವನ ಮುಂಗೈ ಹಿಡಿದಳು.

"ಕೀಳಬೇಡಿ! ಇನ್ನೂ ಊಟ ಮುಗಿದಿಲ್ಲ!"

"ಯಾರದ್ದೇ ಊಟ?"

ಅವಳು ಆ ಖಾಲಿ ಕುರ್ಚಿಯಲ್ಲೇ ಕುಸಿದು ಕೂತಳು. "ನನ್ನ ತಮ್ಮ ಮಾಡಿದ್ದು ಒಂದು ಡಬ್ಬಿ ಅಲ್ಲ, ಎರಡು. ಇನ್ನೊಂದು ಅವಳ ಮನೇಲಿದೆ. ಅದು ಇಂಟರ್ನೆಟ್ಟಲ್ಲಿ ನಮ್ಮ ಡಬ್ಬಿಯಿಂದಲೇ ಚಿತ್ರ ತಗೊಳ್ಳುತ್ತೆ. ಅಲ್ಲಿ ನೋಡಿದ್ದೆಲ್ಲ ಇಲ್ಲಿನ ಪಟ್ಟೀಲೂ ಬರುತ್ತೆ ಅಂತ ಆ ಪೆದ್ದ ಯೋಚಿಸಲೇ ಇಲ್ಲ."

ಅವಳು ಎಂದರೆ ಯಾರೆಂದು ಅವನು ಕೇಳಲಿಲ್ಲ. ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. "ಆ ಬೀಗ ತೆಗೆಯೋದನ್ನ ಅವಳು ಅವತ್ತೇ ಕಲ್ತುಬಿಟ್ಳು. ಈಗ ಒಂಬತ್ತೊಂಬತ್ತು ಸಲ ಯಾಕೆ ನೋಡ್ತಾಳೆ?"

"ನೋಡೋದು ಅವಳಲ್ಲ ರೀ. ಮೊನ್ನೆ ಎರಡು ದಿನ ಜ್ವರ ಬಂದು ಊಟ ಬಿಟ್ಟಿದ್ದೋಳು ಬೇರೆ."

ಅಂದಿನ ಸಂಜೆಯ ಅಂಚೆ ಹೊರಡುವ ಮುಂಚೆ, ಆರು ವರ್ಷದ ಹಿಂದೆ ಮಗಳಿಗೆ ಬರೆದು ಕಳಿಸದೇ ಇಟ್ಟುಕೊಂಡಿದ್ದ ಪತ್ರವನ್ನು ಅವನು ಅಂಚೆಪೆಟ್ಟಿಗೆಗೆ ಹಾಕಿದ. ಲಕೋಟೆಯ ಮೇಲೆ ಮಗಳ ಹೆಸರಿನ ಪಕ್ಕದಲ್ಲಿ, ಟಿವಿಯಲ್ಲಿ 'ಬೀಗದ ತಾತ' ಬಾರದೆ ಒಂದು ತುತ್ತಿಗೂ ಬಾಯಿ ತೆರೆಯದ ಮೂರು ವರ್ಷದ ಮೊಮ್ಮಗಳ ಹೆಸರನ್ನೂ ಬರೆದಿದ್ದ.